ಸಂದು ಬಿಟ್ಟ ರಾಯರು

ಮುಂಬಯಿಯ ಪವಾಯಿಯಲ್ಲಿ ಮನೆ ಮಾಡಿಕೊಂಡ ಮನುಷ್ಯನ ಸ್ವಭಾವವನ್ನು ಅರಿಯಬೇಕೆನ್ನುವವನು ಆತನ ದಿವಾನಖಾನೆಯನ್ನು ನೋಡಿ ತೃಪ್ತನಾಗಬಾರದು. ದಿವಾನಖಾನೆ ಅತಿಥಿಗಳ ಸಲುವಾಗಿ ಸಿಂಗರಿಸಿದ್ದು. ಅಲ್ಲಿ ಯಜಮಾನನ ಹಣ ಕಾಣುತ್ತದೆಯೇ ಹೊರತು ಮನಸ್ಸು ಕಾಣುವುದಿಲ್ಲ. ಮನಸ್ಸು ಕಾಣುವುದು ಬಾಲ್ಕನಿಯಲ್ಲಿ. 1891ರಲ್ಲಿ ಒಡ್ಡು ಕಟ್ಟಿ ನಿಲ್ಲಿಸಿದ, ಮೊಸಳೆಗಳಿಗೂ ಅಂತರಗಂಗೆಗೂ ಪಕ್ಷಪಾತವಿಲ್ಲದೆ ಆಶ್ರಯವಿತ್ತಿರುವ ಕೆರೆ ಒಂದು ಕಡೆ. ಹಿಂದೆ ಕಲ್ಲುಗಣಿಗಳಿದ್ದ ಗುಡ್ಡದ ನೆಲದಲ್ಲಿ, ವಾಸ್ತುಶಿಲ್ಪಿ ಹಫೀಜ್ ಕಾಂಟ್ರಾಕ್ಟರರ ಕಲ್ಪನೆಯಂತೆ ಗ್ರೀಸ್ ರೋಮ್ ದೇಶಗಳ ಕಂಬಗಳನ್ನು ಧರಿಸಿ ಎದ್ದು ನಿಂತ ಹೀರಾನಂದಾನಿ ಸೌಧಗಳು ಇನ್ನೊಂದು ಕಡೆ. ಇವುಗಳ ನಡುವೆ ತನ್ನ ಪಾಲಿಗೆ ಬಂದ ಹತ್ತಡಿ ಉದ್ದದ, ಆರಡಿ ಅಗಲದ ಬಯಲನ್ನು ಒಬ್ಬನು ಏನು ಮಾಡುತ್ತಾನೆಂಬುದನ್ನು ನೋಡಿ ಇಲ್ಲಿನ ಗೃಹಸ್ಥರನ್ನು ನಾಲ್ಕು ಪಂಗಡಗಳಾಗಿ ವಿಂಗಡಿಸಬಹುದು. ಅಲ್ಲಿ ಬಟ್ಟೆ ಒಣಹಾಕುವವರು ಮೊದಲನೆಯವರು, ಇವರು ವ್ಯವಹಾರಜ್ಞರು. ತುಳಸಿ, ಕರಿಬೇವು, ದಾಸವಾಳಗಳನ್ನು ಸಾಕುವವರು ಎರಡನೆಯವರು, ಇವರು ಸಾತ್ತ್ವಿಕರು. ಗಾಜು ಹಾಕಿಸಿ ಬಾಲ್ಕನಿಯನ್ನು ಕೋಣೆಯೊಳಕ್ಕೆ ನುಂಗಿಸಿಕೊಂಡು, ಆಮೇಲೆ ಮನೆಯಲ್ಲಿ ಗಾಳಿಯಾಡುವುದಿಲ್ಲವೆಂದು ನಿಟ್ಟುಸಿರಿಡುವವರು ಮೂರನೆಯವರು. ಸಂಖ್ಯೆಯಲ್ಲಿ ಇವರೇ ಅಧಿಕ. ಬಾಲ್ಕನಿಗೆ ಮರದ ನೆಲ ಹಾಸಿ ಅದನ್ನು ‘ಡೆಕ್’ ಎಂದು ಕರೆಯುವವರು ನಾಲ್ಕನೆಯವರು. ನಮ್ಮ ರಾಯರು ಈ ನಾಲ್ಕನೆಯ ಪಂಗಡದ ಕುಲಗುರುಗಳು.

ಅವರ ಪೂರ್ತಿ ಹೆಸರನ್ನು ಹೇಳುವ ಅವಶ್ಯಕತೆಯಿಲ್ಲ. ಪವಾಯಿಯಿಂದ ಚಾಂದಿವಲಿಯವರೆಗೆ ಇರುವ ಕಟ್ಟಡಗಳಲ್ಲಿ ಕಟ್ಟಡಕ್ಕೆ ಒಬ್ಬರಂತೆ ಅವರು ಇದ್ದೇ ಇರುವುದರಿಂದ, ರಾಯರು ಎಂದಷ್ಟೇ ಹೇಳಿದರೆ ಓದುಗರು ತಮ್ಮ ತಮ್ಮ ಮಹಡಿಯ ಮೂರ್ತಿಯನ್ನು ಸ್ಮರಿಸಿಕೊಳ್ಳಲು ಅನುಕೂಲವಾಗುತ್ತದೆ. ಹಳಿಯಾಳದ ಕಡೆಯ ಮನೆತನ, ಧಾರವಾಡದಲ್ಲಿ ಓದು, ಸಾಕಿವಿಹಾರ ರಸ್ತೆಯ ಕಾರ್ಖಾನೆಯೊಂದರಲ್ಲಿ ದೀರ್ಘಕಾಲ ಇಂಜಿನಿಯರಿಕೆ, ತರುವಾಯ ನಿವೃತ್ತಿ. ನಿವೃತ್ತನಾದ ಇಂಜಿನಿಯರನಷ್ಟು ಅಪಾಯಕಾರಿಯಾದ ಪ್ರಾಣಿ ಪವಾಯಿಯ ಕೆರೆಯಲ್ಲಿಯೂ ಇಲ್ಲವೆಂದು ಅವರ ಶ್ರೀಮತಿಯವರು ಹೇಳುವುದುಂಟು. ಕೈಯಲ್ಲಿ ಅಳತೆಯ ಪಟ್ಟಿ, ಜೇಬಿನಲ್ಲಿ ಸೀಸದಕಡ್ಡಿ, ಮೂಗಿನ ತುದಿಯಲ್ಲಿ ಕನ್ನಡಕ, ಬಗಲಿನಲ್ಲಿ ರಸಮಟ್ಟ: ಈ ಲಾಂಛನಗಳೊಡನೆ ಅವರು ಲಿಫ್ಟಿನಲ್ಲಿ ಪ್ರವೇಶಿಸಿದರೆ ಬಲ್ಲವರು ಒಡನೆಯೇ ಮುಂದಿನ ಮಹಡಿಯಲ್ಲಿ ಇಳಿದು ಮೆಟ್ಟಿಲ ಮಾರ್ಗವನ್ನು ಆಶ್ರಯಿಸುತ್ತಾರೆ.

ತಮ್ಮ ಹಿರಿಯರ ಮನೆಯ ತೇಗದ ಕಂಬಗಳನ್ನೂ ಪಡಸಾಲೆಯನ್ನೂ ನೆನೆದು ಅವರು ಡೆಕ್ಕಿಗೆ ಕೈಹಾಕಿದರೆಂದು ಭಾವಿಸುವುದು ತಪ್ಪು. ಅದು ಸಾಮಾನ್ಯರ ರೀತಿ. ರಾಯರು ಯಾವ ಕೆಲಸವನ್ನೂ ಇತಿಹಾಸದಿಂದಲ್ಲದೆ ಆರಂಭಿಸುವವರಲ್ಲ. ಮುಂಬಯಿ ನಗರಕ್ಕೂ ಮರದ ನೆಲಕ್ಕೂ ಇರುವ ಸಂಬಂಧವನ್ನು ಅವರು ಶೋಧಿಸಿದಾಗ ಅವರ ಮುಂದೆ ಕಾಣಿಸಿಕೊಂಡದ್ದು ವಾಡಿಯಾ ಮನೆತನ. ಸೂರತ್ತಿನಿಂದ ಬಂದ ಲವ್ಜಿ ವಾಡಿಯಾ ಎಂಬ ಪಾರಸಿ ಬಡಗಿ ಇಲ್ಲಿ ಹಡಗು ಕಟ್ಟುವ ವಿದ್ಯೆಗೆ ಬುನಾದಿ ಹಾಕಿದುದೂ, 1813ರಲ್ಲಿ ಇಲ್ಲಿ ತೇಗದಿಂದ ಕಟ್ಟಿದ ಕಾರ್ನ್‌ವಾಲಿಸ್ ಎಂಬ ಹಡಗಿನ ಮೇಲೆಯೇ 1842ರಲ್ಲಿ ಆಂಗ್ಲರಿಗೂ ಚೀನೀಯರಿಗೂ ನಾನ್‌ಕಿಂಗ್ ಒಪ್ಪಂದವಾದುದೂ, ಮಲಬಾರಿನ ತೇಗದಿಂದ ನಿರ್ಮಿತವಾಗಿ 1817ರಲ್ಲಿ ನೀರಿಗಿಳಿದ ಟ್ರಿಂಕೋಮಲಿ ಎಂಬ ಹಡಗು ಇಂದಿಗೂ ಇಂಗ್ಲೆಂಡಿನ ಹಾರ್ಟಲ್‌ಪೂಲಿನಲ್ಲಿ ತೇಲುತ್ತ ನಿಂತಿರುವುದೂ ಅವರಿಗೆ ಕಂಠಸ್ಥವಾದವು. ಇನ್ನೂರು ವರ್ಷ ಸಮುದ್ರವನ್ನು ತಡೆದ ಮರ ಪವಾಯಿಯ ಮಳೆಯನ್ನು ತಡೆಯದೆ? ಈ ಪ್ರಶ್ನೆಗೆ ಅವರು ತಾವೇ ಉತ್ತರ ಕೊಟ್ಟುಕೊಂಡರು. ಮುಂದಿನ ಅನರ್ಥಗಳೆಲ್ಲ ಆ ಉತ್ತರದಿಂದ ಹುಟ್ಟಿದವು.

ಸೊಸೈಟಿಯ ಕಾರ್ಯದರ್ಶಿಗಳಿಂದ ಒಪ್ಪಿಗೆ ಪಡೆಯುವ ಪ್ರಕರಣ ಪ್ರತ್ಯೇಕ ಪುರಾಣವಾಗಬಲ್ಲುದು. ಅವರು ಮಿತಭಾಷಿಗಳಾದ ಮರಾಠಿ ಗೃಹಸ್ಥರು. ಕೆರೆಯ ಅಂಚಿನಲ್ಲಿ ಮಹಾನಗರಪಾಲಿಕೆ ಹಾಕಹೊರಟ ಸೈಕಲ್ ಹಾದಿಯನ್ನೇ ಉಚ್ಚ ನ್ಯಾಯಾಲಯ 2022ರ ಮೇ ತಿಂಗಳಲ್ಲಿ ಕಾನೂನುಬಾಹಿರವೆಂದು ಸಾರಿ ತೆಗೆಸಲು ಆಜ್ಞೆ ಮಾಡಿರುವಾಗ, ರಾಯರ ಹಲಗೆಗಳ ವಿಷಯದಲ್ಲಿ ತಾವು ಅವಸರಪಡಲಾರೆವೆಂದು ಅವರು ವಿನಯದಿಂದ ತಿಳಿಸಿದರು. ಅಷ್ಟರಲ್ಲಿ ಸಭೆಯಲ್ಲಿದ್ದ ಇನ್ನೊಬ್ಬರು, ಮರದ ಭಾರಕ್ಕೆ ಬಾಲ್ಕನಿ ಕಳಚಿಬಿದ್ದರೆ ಯಾರು ಹೊಣೆ ಎಂದುಬಿಟ್ಟರು. ರಾಯರು ಕಾದಿದ್ದುದು ಈ ಪ್ರಶ್ನೆಗಾಗಿಯೇ. ಬಾಲ್ಕನಿಯ ನೆಲ ಪ್ರತಿ ಚದರ ಮೀಟರಿಗೆ ಕನಿಷ್ಠ 300 ಕಿಲೋ ಹೊರುವಂತೆ ವಿನ್ಯಾಸವಾಗಿರತಕ್ಕದ್ದೆಂದು ಭಾರತೀಯ ಮಾನಕ ವಿಧಿಸುತ್ತದೆ. 60 ಚದರಡಿಗೆ ಅಂಗುಲ ದಪ್ಪದ ಹಲಗೆ ಹಾಸಿದರೆ ಮರ ಆಗುವುದು 5 ಘನ ಅಡಿ. ಘನ ಅಡಿಗೆ ಸುಮಾರು 18 ಕಿಲೋದಂತೆ 90, ಅಡಿತೊಲೆಗಳಿಗೆ ಮತ್ತೊಂದು 30, ಒಟ್ಟು 120 ಕಿಲೋ. ಆದರೆ ಒಂದೂವರೆ ಅಡಿ ಅಗಲ, ಅಷ್ಟೇ ಎತ್ತರದ ಒಂದೇ ಒಂದು ಕುಂಡದಲ್ಲಿ ನೆನೆದ ಮಣ್ಣು ತುಂಬಿದರೆ ಅದೊಂದೇ 100 ಕಿಲೋವನ್ನು ಮೀರುತ್ತದೆ. ಆದಕಾರಣ ಕಟ್ಟಡಕ್ಕೆ ಭೀತಿ ಇರುವುದು ಡೆಕ್ಕಿನಿಂದಲ್ಲ, ದಾಸವಾಳದಿಂದ. ಲೆಕ್ಕ ನಿರ್ದುಷ್ಟವಾಗಿತ್ತು. ಒಪ್ಪಿಗೆಯೂ ದೊರೆಯಿತು. ಆದರೆ ಅದೇ ಸಭೆಯಲ್ಲಿ ಎಲ್ಲರ ಮನೆಯ ದೊಡ್ಡ ಕುಂಡಗಳನ್ನೂ ತೆಗೆಸುವ ನಿರ್ಣಯ ಅಂಗೀಕೃತವಾದುದರಿಂದ ಕಟ್ಟಡದ ಸ್ತ್ರೀಸಮುದಾಯ ರಾಯರನ್ನು ಕ್ಷಮಿಸಲಿಲ್ಲ. ಸ್ವಗೃಹದಲ್ಲಿ ಅವರ ಚಹಕ್ಕೆ ಕೆಲವು ದಿನ ಸಕ್ಕರೆ ಬೀಳಲಿಲ್ಲ.

ಮರ ಕೊಳ್ಳುವ ವಿಷಯದಲ್ಲಿ ರಾಯರದು ಕಟ್ಟುನಿಟ್ಟಾದ ನಿಷ್ಠೆ. ರೇ ರೋಡಿನ ಮರದ ಅಡತಿಗಳಲ್ಲಿ ಬರ್ಮಾ ತೇಗವೆಂದೂ ಆಫ್ರಿಕದ ತೇಗವೆಂದೂ ವ್ಯಾಪಾರಿಗಳು ಬಗೆಬಗೆಯಾಗಿ ಬಣ್ಣಿಸಿದರೂ ಅವರು ದಾಂಡೇಲಿಯ ತೇಗವೊಂದನ್ನುಳಿದು ಬೇರಾವುದನ್ನೂ ಮರವೆಂದು ಒಪ್ಪಲಿಲ್ಲ. ಹಲಗೆಯನ್ನು ಮೂಸಿದರು, ಉಗುರಿನಿಂದ ಗೀರಿದರು, ತುದಿಯನ್ನು ತಿರುವಿ ಉಂಗುರಗಳನ್ನೆಣಿಸಿದರು, ಬಿಳಿಯ ಹೊರಮರ ಎಳ್ಳಷ್ಟು ಕಂಡರೂ, ಗೆದ್ದಲಿಗೆ ಮೊದಲ ತುತ್ತು ಅದೇ ಎಂದು ಬದಿಗೆ ಸರಿಸಿದರು. ತೇಗದ ತಿರುಳಿನಲ್ಲಿರುವ ಎಣ್ಣೆಯೇ ಅದನ್ನು ಕೊಳೆಯದಂತೆ ಕಾಯುವುದೆಂಬ ಅವರ ಮಾತು ನಿಜ. ಮರ ಪ್ಲಾಸ್ಟಿಕ್ಕುಗಳನ್ನು ಬೆರೆಸಿ ತಯಾರಿಸಿದ ಈಚಿನ ಹಲಗೆಗಳು ಕಡಿಮೆ ಬೆಲೆಗೆ ದೊರೆಯುವುವೆಂಬ ಅಂಗಡಿಯವನ ಮಾತೂ ನಿಜ. ಆದರೆ ಆ ಮಾತು ಕಿವಿಗೆ ಬಿದ್ದೊಡನೆ ರಾಯರ ಮುಖದಲ್ಲಿ ಮೂಡಿದ ಭಾವವನ್ನು ಕಂಡು ಅಂಗಡಿಯವನು ಕ್ಷಮೆ ಕೇಳಿದನು.

ಕೆಲಸಕ್ಕೆ ದೊರೆತವನು ರಾಜಸ್ಥಾನದ ಕಡೆಯ ಮಿಸ್ತ್ರಿ. ಅವನಿಗೆ ಬರುತ್ತಿದ್ದುದು ಎರಡು ವಿದ್ಯೆ: ಒಂದು ಬಡಗಿತನ, ಇನ್ನೊಂದು, ಯಜಮಾನರು ಏನನ್ನೇ ಹೇಳಲಿ, “ಹೋ ಜಾಯೇಗಾ, ಸಾಬ್” ಎಂದು ತಲೆಯಾಡಿಸುವುದು. ರಾಯರು ಹಡಗಿನ ಶಾಸ್ತ್ರದಂತೆ ಹಲಗೆಗಳನ್ನು ಒಂದಕ್ಕೊಂದು ಬಿಗಿಯಾಗಿ ಒತ್ತಿ ಕೂಡಿಸಬೇಕೆಂದರು, ಹೋ ಜಾಯೇಗಾ. ಸೇರುವೆಗಳಲ್ಲಿ ನಾರು ತುರುಕಿ ಡಾಂಬರು ಎರೆಯಬೇಕೆಂದರು, ಹೋ ಜಾಯೇಗಾ. ಅಡಿತೊಲೆಗಳು ಕದಲದಂತೆ ಬಾಲ್ಕನಿಯ ನೆಲಕ್ಕೇ ಕೊರೆದು ಮೊಳೆ ಹೊಡೆಯಬೇಕೆಂದರು, ಇಲ್ಲಿ ಮಿಸ್ತ್ರಿ ಅರೆಕ್ಷಣ ಕತ್ತು ಕೆರೆದುಕೊಂಡು, ಹೋ ಜಾಯೇಗಾ ಎಂದನು. ಆ ಅರೆಕ್ಷಣದ ಮೌನದಲ್ಲಿ ಒಂದು ಗ್ರಂಥದಷ್ಟು ಬಡಗಿಶಾಸ್ತ್ರ ಅಡಗಿತ್ತೆಂಬುದು ರಾಯರಿಗೆ ಆಗ ಹೊಳೆಯಲಿಲ್ಲ. ಮೇ ತಿಂಗಳ ಕೊನೆಯಲ್ಲಿ ಡೆಕ್ ಸಿದ್ಧವಾಯಿತು. ಹೊನ್ನಿನ ಬಣ್ಣದ ಆ ನೆಲದಲ್ಲಿ ಒಂದು ಕಾಗದ ತೂರುವಷ್ಟೂ ಸಂದಿರಲಿಲ್ಲ. ನೆರೆಯವರೆಲ್ಲ ಬಂದು ಕೊಂಡಾಡಿ, ಗಿರ್ಮಿಟ್ಟು ತಿಂದು, ಟ್ರಿಂಕೋಮಲಿಯ ಕಥೆಯನ್ನು ಕೇಳಿ ಹೋದರು.

ಜೂನ್ ಎರಡನೆಯ ವಾರಕ್ಕೆ ಮಳೆ ಹಿಡಿಯಿತು. ಮುಂಬಯಿಯ ಉಪನಗರಗಳಲ್ಲಿ ನಾಲ್ಕು ತಿಂಗಳಲ್ಲಿ ಸುರಿಯುವ ಮಳೆ 2000 ಮಿಲಿಮೀಟರನ್ನು ಮೀರುತ್ತದೆ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಬಿದ್ದುದನ್ನು ಕಂಡವರು ಇನ್ನೂ ಆ ಮಾತನ್ನೆತ್ತಿದರೆ ತಗ್ಗಿದ ದನಿಯಲ್ಲಿ ಮಾತನಾಡುತ್ತಾರೆ. ಮರವಾದರೋ ಕಡಿದು ಕೊಯ್ದ ಮೇಲೂ ನೀರು ಕುಡಿಯುವ ಹಳೆಯ ಅಭ್ಯಾಸವನ್ನು ಬಿಡದ ವಸ್ತು. ಉದ್ದಕ್ಕೆ ಅದು ಬೆಳೆಯುವುದು ಲೆಕ್ಕಕ್ಕಿಲ್ಲ, ಅಡ್ಡಕ್ಕೆ ಉಬ್ಬುತ್ತದೆ. ನಾಲ್ಕಂಗುಲದ ಒಣ ಹಲಗೆಯೊಂದು ಮಳೆಗಾಲದಲ್ಲಿ ಎರಡು ಮಿಲಿಮೀಟರ್ ಹಿಗ್ಗಿತೆಂದರೆ, ಆರಡಿಯ ಅಗಲದಲ್ಲಿ ಕೂರಿಸಿದ 18 ಹಲಗೆಗಳು ಸೇರಿ 36 ಮಿಲಿಮೀಟರ್, ಎಂದರೆ ಹೆಚ್ಚುಕಡಮೆ ಒಂದೂವರೆ ಅಂಗುಲ ಹಿಗ್ಗಬೇಕು. ಒಂದು ಕಡೆ ಗೋಡೆ, ಇನ್ನೊಂದು ಕಡೆ ಕಟಾಂಜನದ ಕಟ್ಟೆ, ಎತ್ತ ಹೋದಾವು? ಮೇಲಕ್ಕೆ ಹೋದವು. ಆಷಾಢ ಹಿಡಿಯುವ ಹೊತ್ತಿಗೆ ರಾಯರ ಡೆಕ್ ಕಾದ ಎಣ್ಣೆಗೆ ಬಿದ್ದ ಹಪ್ಪಳದಂತೆ ನಡುವೆ ಉಬ್ಬಿ ಎದ್ದು ನಿಂತಿತು. ರಸಮಟ್ಟ ಹಿಡಿದು ಪರೀಕ್ಷಿಸಲು ಹೋದ ರಾಯರು ಹೊರಗಿನಿಂದ ಒತ್ತಿದ ಬಾಗಿಲು, ಎದ್ದ ಹಲಗೆಗೆ ಸಿಕ್ಕಿ ಮತ್ತೆ ತೆರೆಯಲಿಲ್ಲ. ಒಳಗಿನಿಂದ ಶ್ರೀಮತಿಯವರೂ ಕಾವಲುಗಾರನೂ ಸೇರಿ ಕದವನ್ನು ನೂಕಿ ತೆರೆಯುವವರೆಗೆ ಅವರು ಕೊಡೆಯಿಲ್ಲದೆ ಮಳೆಯಲ್ಲಿ ನಿಂತು ಕೆರೆಯ ಶೋಭೆಯನ್ನು ವೀಕ್ಷಿಸಬೇಕಾಯಿತು. ಅದೇ ಸಂಜೆ ಕೆಳಮನೆಯ ಗೃಹಸ್ಥರು, ತಮ್ಮ ಬಾಲ್ಕನಿಯ ಮೇಲ್ಚಾವಣಿಯಿಂದ ತೊಟ್ಟಿಕ್ಕುತ್ತಿದ್ದ ನೀರನ್ನು ಹಿಡಿದ ಬಕೆಟ್ಟಿನೊಡನೆ ಮೇಲೆ ಬಂದರು. ಮೊಳೆಗಳು ನೆಲದ ವಾಟರ್‌ಪ್ರೂಫಿಂಗನ್ನು ತೂತು ಮಾಡಿದ್ದವು. ಮೇಲಿನವನ ನೀರು ಕೆಳಗಿನವನ ಮನೆಗೆ ಇಳಿಯುವುದು ಮುಂಬಯಿಯಲ್ಲಿ ಎಂಥ ವೈರಕ್ಕೆ ಕಾರಣವೆಂಬುದನ್ನು ಇಲ್ಲಿನ ನಿವಾಸಿಗಳಿಗೆ ವಿವರಿಸಬೇಕಾಗಿಲ್ಲ.

ಬೇರೊಬ್ಬನಾಗಿದ್ದರೆ ಹಲಗೆಗಳನ್ನು ಮಾರಿ ಹಾಕಿ ಮೂರನೆಯ ಪಂಗಡಕ್ಕೆ ಸೇರಿಬಿಡುತ್ತಿದ್ದನು. ರಾಯರು ಮೂರು ದಿನ ಮೌನವಾಗಿದ್ದು, ನಾಲ್ಕನೆಯ ದಿನ ಮಿಸ್ತ್ರಿಯನ್ನು ಕರೆಸಿ, ಮೊದಲ ಬಾರಿಗೆ ಹೇಳುವುದನ್ನು ಬಿಟ್ಟು ಕೇಳಿದರು. ಮಿಸ್ತ್ರಿ ಒಂದೇ ಮಾತು ಹೇಳಿದನು: ಹಡಗು ನೀರನ್ನು ಹೊರಗಿಡಬೇಕು, ಬಾಲ್ಕನಿ ನೀರನ್ನು ಹೋಗಗೊಡಬೇಕು. ಈ ಮಾತಿನಲ್ಲಿ ಡೆಕ್ ಶಾಸ್ತ್ರದ ಸಾರಸರ್ವಸ್ವವೂ ಅಡಗಿದೆ. ಹಡಗಿನ ಹಲಗೆಯ ಕೆಳಗೆ ಸರಕೂ ಜನರೂ ಇರುವುದರಿಂದ ಅಲ್ಲಿ ಸಂದನ್ನು ಮುಚ್ಚುವುದು ಧರ್ಮ; ಮನೆಯ ಡೆಕ್ಕಿನ ಕೆಳಗೆ ನೀರಿನ ಹಾದಿಯಿರುವುದರಿಂದ ಇಲ್ಲಿ ಸಂದು ಬಿಡುವುದು ಧರ್ಮ. ಅಂದಿನಿಂದ ರಾಯರು ಸಂದಿನ ಉಪಾಸಕರಾದರು.

ಅವರ ಎರಡನೆಯ ಡೆಕ್ ನಿಜಕ್ಕೂ ನೋಡತಕ್ಕದ್ದು. ಮಳೆಗಾಲ ಮುಗಿದು ನೆಲ ಒಣಗಿದ ಮೇಲೆ ವಾಟರ್‌ಪ್ರೂಫಿಂಗ್ ಹೊಸದಾಗಿ ಮಾಡಿಸಿ, ನೀರು ನಿಲ್ಲಿಸಿ ಪರೀಕ್ಷಿಸಿ, ನೂರಕ್ಕೆ ಒಂದರಂತೆ ಹೊರಮುಖವಾಗಿ ಇಳಿಜಾರು ಇದೆಯೆಂದು ರಸಮಟ್ಟದಿಂದ ದೃಢಪಡಿಸಿಕೊಂಡ ತರುವಾಯವೇ ಮರಕ್ಕೆ ಕೈಹಚ್ಚಿದರು. ಅಡಿತೊಲೆಗಳನ್ನು ನೆಲಕ್ಕೆ ಹೊಡೆಯದೆ ರಬ್ಬರಿನ ಮೆತ್ತೆಗಳ ಮೇಲೆ ಬಿಡಿಯಾಗಿ ಕೂರಿಸಿದರು. ಅವು ನೀರಿಗೆ ಅಡ್ಡಗಟ್ಟದಂತೆ ಇಳಿಜಾರಿನ ದಿಕ್ಕಿನಲ್ಲಿಯೇ ಸಾಗಿದವು. ತೊಲೆಯಿಂದ ತೊಲೆಗೆ 16 ಅಂಗುಲಕ್ಕಿಂತ ಹೆಚ್ಚಿನ ಅಂತರವಿಲ್ಲ, ಹೆಚ್ಚಾದರೆ ಕಾಲಿಟ್ಟಲ್ಲಿ ಹಲಗೆ ಕುಸಿದು ಕಿರುಗುಟ್ಟುತ್ತದೆ. ಹಲಗೆಗಳು ಅಡ್ಡಲಾಗಿ ಮಲಗಿದವು; ಎರಡು ಹಲಗೆಗಳ ನಡುವೆ ಐದಾರು ಮಿಲಿಮೀಟರ್ ಸಂದು, ಗೋಡೆಯ ಬದಿಗೆ ಅದಕ್ಕೂ ಹೆಚ್ಚು. ಪ್ರತಿ ತೊಲೆಯ ಮೇಲೂ ಹಲಗೆಗೆ ಎರಡೆರಡು ತಿರುಪುಮೊಳೆ, ಅದೂ ಮೊದಲೇ ತೂತು ಕೊರೆದು; ಕಬ್ಬಿಣವಲ್ಲ, ಸ್ಟೇನ್‌ಲೆಸ್ ಸ್ಟೀಲ್; ಏಕೆಂದರೆ ಈ ನಗರದ ಉಪ್ಪುಗಾಳಿಯಲ್ಲಿ ಕಬ್ಬಿಣದ ಮೊಳೆ ಎರಡು ಮಳೆಗಾಲಗಳಲ್ಲಿ ಕಂದುಕಣ್ಣೀರು ಸುರಿಸತೊಡಗುತ್ತದೆ. ಕೊಯ್ದ ತುದಿಗಳಿಂದಲೇ ಮರ ಹೆಚ್ಚು ನೀರು ಹೀರುವುದರಿಂದ ಅವಕ್ಕೆ ವಿಶೇಷ ಲೇಪ. ಮೇಲ್ಮೈಗೆ ವಾರ್ನಿಷ್ ಬೇಡ, ಅದು ಬಿಸಿಲಿಗೆ ಸಿಪ್ಪೆಯೇಳುತ್ತದೆ. ಮಳೆಗೆ ಮುಂಚೆ ಒಮ್ಮೆ, ಮಳೆಯ ನಂತರ ಒಮ್ಮೆ ಎಣ್ಣೆ. ನೀರು ಹೋಗುವ ತೂತಿನ ಮೇಲಿನ ಒಂದು ಭಾಗವನ್ನು ಕಿತ್ತು ತೆಗೆಯುವಂತೆ ಮಾಡಿಸಿದ್ದು ಅವರ ಕೊನೆಯ ಚಾತುರ್ಯ. ಕಸ ಕಟ್ಟಿ ಅಡಿಯಲ್ಲಿ ನೀರು ನಿಂತರೆ ಡೆಂಗಿಯ ಸೊಳ್ಳೆ ಹುಟ್ಟುತ್ತದೆ, ಸೊಳ್ಳೆಯ ಹಿಂದೆಯೇ ಪಾಲಿಕೆಯ ನೋಟೀಸು ಹುಟ್ಟುತ್ತದೆ.

ಇಲ್ಲಿಗೆ ಕಥೆ ಮುಗಿದಿದ್ದರೆ ರಾಯರು ಆದರ್ಶ ಪುರುಷರೆನಿಸಿಕೊಳ್ಳುತ್ತಿದ್ದರು. ಆದರೆ ಸತ್ಯವನ್ನು ಕಂಡವನು ಅದನ್ನು ಸಾರದೆ ಇರಲಾರನು. 1926ರಿಂದ ಕನ್ನಡದ ದೀಪ ಹಚ್ಚಿಕೊಂಡು ಬಂದಿರುವ ಮಾಟುಂಗದ ಮೈಸೂರು ಅಸೋಸಿಯೇಷನ್ನಿಗೆ ನಾಟಕ ನೋಡಲು ಹೋದರೆ ಅವರ ಕಣ್ಣು ನಟರ ಮುಖದ ಮೇಲಿರುವುದಿಲ್ಲ, ಕಾಲಡಿಯ ಹಲಗೆಗಳ ಮೇಲಿರುತ್ತದೆ, ನಾಯಕಿ ಶೋಕದಿಂದ ನೆಲಕ್ಕೊರಗಿದಾಗ ಸಭಿಕರು ಕಣ್ಣೊರಸಿಕೊಂಡರೆ, ರಾಯರು ಪಕ್ಕದವರ ಕಡೆಗೆ ಬಾಗಿ, “ತೊಲಿ ದೂರ ದೂರ ಹಾಕ್ಯಾರ, ಕೇಳಿದ್ರೇನು ಸಪ್ಪಳ?” ಎನ್ನುತ್ತಾರೆ. ಮದುವೆಯ ಮನೆಯಲ್ಲಿ ಮಂಟಪದ ಅಟ್ಟಣೆಯ ಕೆಳಗೆ ಇಣುಕಿ ನೋಡುತ್ತಾರೆ. ಮಾಟುಂಗದ ಉಡುಪಿ ಹೋಟೆಲಿನಲ್ಲಿ ಎದುರಿಗೆ ಕುಳಿತ ಅಪರಿಚಿತನಿಗೆ ದೋಸೆ ಬರುವುದರೊಳಗೆ ಇಳಿಜಾರನ್ನೂ, ದೋಸೆ ಮುಗಿಯುವುದರೊಳಗೆ ಅಡಿತೊಲೆಯನ್ನೂ, ಕಾಫಿ ಆರುವುದರೊಳಗೆ ತಿರುಪುಮೊಳೆಯನ್ನೂ ಬೋಧಿಸಿ ಮುಗಿಸುತ್ತಾರೆ. ವೈಚಿತ್ರ್ಯವೆಂದರೆ, ಹಲಗೆ ಹಲಗೆಗಳ ನಡುವೆ ಸಂದಿರಬೇಕೆಂದು ಇಷ್ಟು ನಿಷ್ಠೆಯಿಂದ ಸಾರುವ ಮಹನೀಯರು ಮಾತು ಮಾತಿನ ನಡುವೆ ಒಂದು ಮಿಲಿಮೀಟರನ್ನೂ ಬಿಡುವುದಿಲ್ಲ. ಕೇಳುವವನು, ಹೌದೆನ್ನಲೋ ಅಲ್ಲವೆನ್ನಲೋ ಬಾಯಿ ತೆರೆದರೆ ಅದರೊಳಕ್ಕೂ ಒಂದು ವಾಕ್ಯವನ್ನು ತುರುಕಿ ಡಾಂಬರು ಎರೆಯುತ್ತಾರೆ. ಹೊರಹೋಗುವ ಹಾದಿಯಿಲ್ಲದ ಮರ್ಯಾದಸ್ಥರು ಎಷ್ಟೋ ಮಂದಿ ಅವರೆದುರಿಗೆ ಉಬ್ಬಿ ನಿಂತುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಇನ್ನೊಂದು ಸಂಗತಿ. ಆ ಡೆಕ್ಕಿನ ಮೇಲೆ ರಾಯರು ಕುಳಿತುದನ್ನು ಯಾರೂ ಕಂಡಿಲ್ಲ. ಬೆಳಗಿನಲ್ಲಿ ಮೊಣಕಾಲೂರಿ ಸಂದುಗಳಿಂದ ಪಾರಿವಾಳದ ಗರಿಗಳನ್ನು ಕಡ್ಡಿಯಿಂದ ಹೆಕ್ಕುತ್ತಾರೆ. ಮಧ್ಯಾಹ್ನ ಸಡಿಲಾದ ತಿರುಪುಗಳನ್ನು ಹುಡುಕಿ ಬಿಗಿಯುತ್ತಾರೆ. ಸಂಜೆ, ಬಿಸಿಲಿಗೆ ಬೆಳ್ಳಿಬಣ್ಣಕ್ಕೆ ತಿರುಗಿದ ಹಲಗೆಗಳನ್ನು ಉಜ್ಜಿ ಎಣ್ಣೆ ಹಚ್ಚುತ್ತಾರೆ. ಅಗಸೆಯೆಣ್ಣೆಯಲ್ಲಿ ತೋಯ್ದ ಬಟ್ಟೆಯನ್ನು ಮುದ್ದೆ ಮಾಡಿ ಎಸೆದರೆ ಅದು ತನ್ನಷ್ಟಕ್ಕೆ ಕಾದು ಹೊತ್ತಿಕೊಳ್ಳಬಹುದೆಂಬ ಎಚ್ಚರಿಕೆಯಿಂದ ಎಣ್ಣೆಬಟ್ಟೆಗಳನ್ನು ಒಂದೊಂದಾಗಿ ಬಿಡಿಸಿ ಹಗ್ಗದ ಮೇಲೆ ಹರವುತ್ತಾರೆ. ಹೀಗಾಗಿ ಅವರ ಬಾಲ್ಕನಿ ನಾಲ್ಕನೆಯ ಪಂಗಡದ್ದಾದರೂ ದೂರದಿಂದ ನೋಡುವವರಿಗೆ ಮೊದಲನೆಯದರಂತೆಯೇ ತೋರುತ್ತದೆ. ಒಂದು ದಿನ ಶ್ರೀಮತಿಯವರು ಚಹದ ಲೋಟ ಹಿಡಿದು ಬಾಗಿಲಲ್ಲಿ ನಿಂತು, “ರೀ, ಇದರ ಮ್ಯಾಲ ಒಮ್ಮೆರೆ ಕೂಡೋದು ಅದನೋ, ಬರೇ ಸ್ಕ್ರೂ ತಿರುವೋದು ಅದನೋ?” ಎಂದು ಕೇಳಿದರು. ರಾಯರು ಗಂಭೀರವಾಗಿ ಯೋಚಿಸಿ, “ಈ ಮಳಿ ಒಂದು ಹೋಗಲಿ” ಎಂದರು. ಪ್ರತಿ ವರ್ಷವೂ ಅವರು ಹೀಗೆಯೇ ಹೇಳುತ್ತಾರೆ. ಕುಳಿತುಕೊಳ್ಳುವವರು ಶ್ರೀಮತಿಯವರು, ಅವರ ಭಜನಾಮಂಡಳಿಯ ಗೆಳತಿಯರು, ಮತ್ತು ಹಳೆಯ ವೈರವನ್ನು ಮರೆತು ಈಗ ಪ್ರತಿ ಭಾನುವಾರ ತಪ್ಪದೆ ಬರುವ ಕೆಳಮನೆಯ ಗೃಹಸ್ಥರು. ಗಣೇಶ ವಿಸರ್ಜನೆಯ ರಾತ್ರಿ ಕೆರೆಗೆ ಸಾಗುವ ಮೆರವಣಿಗೆಗಳನ್ನು ನೋಡಲು ಆ ಅರವತ್ತು ಚದರಡಿಯಲ್ಲಿ ಅರ್ಧ ಕಟ್ಟಡವೇ ನೆರೆದಿದ್ದಾಗಲೂ ರಾಯರು ಒಂದು ಮೂಲೆಯಲ್ಲಿ ನಿಂತು, ಜನರ ಭಾರವನ್ನು ಮನಸ್ಸಿನಲ್ಲಿಯೇ ಕೂಡಿಸಿ, ಚದರ ಮೀಟರಿಗೆ 300 ಕಿಲೋ ಮೀರಲಿಲ್ಲವೆಂದು ಸಮಾಧಾನಪಟ್ಟುಕೊಳ್ಳುತ್ತಿದ್ದರು.

ಆದರೂ ನ್ಯಾಯವಾಗಿ ನುಡಿಯುವುದಾದರೆ ರಾಯರಂಥವರು ಲೋಕಕ್ಕೆ ಅವಶ್ಯಕ. ಒಬ್ಬರು ನಿಂತು ಬಿಗಿಯದಿದ್ದರೆ ಉಳಿದವರು ಕುಳಿತು ಸುಖಿಸುವಂತಿಲ್ಲ. ಪವಾಯಿಯಲ್ಲಿ ಡೆಕ್ ಹಾಕಿಸಬೇಕೆಂಬ ಆಸೆಯುಳ್ಳ ಓದುಗರು ಸೊಸೈಟಿಯ ಒಪ್ಪಿಗೆಯನ್ನು ಲಿಖಿತವಾಗಿ ಪಡೆದು, ದೀಪಾವಳಿ ಕಳೆದ ಮೇಲೆ ಕೆಲಸ ಹಚ್ಚಿ, ನೆಲಕ್ಕೆ ಮೊಳೆ ತಾಗಿಸದೆ, ನೀರಿಗೆ ಇಳಿಜಾರನ್ನೂ ಮರಕ್ಕೆ ಸಂದನ್ನೂ ಕೊಟ್ಟರೆ ಕೆಡುವ ಭಯವಿಲ್ಲ. ಸಂದೇಹವೇನಾದರೂ ಉಳಿದರೆ ತಮ್ಮ ಕಟ್ಟಡದ ರಾಯರನ್ನು ಅವಶ್ಯವಾಗಿ ಕಾಣತಕ್ಕದ್ದು. ಅವರ ಸಲಹೆಯಲ್ಲಿ ಈಗ ಲೋಪವಿಲ್ಲ, ಶುಲ್ಕವೂ ಇಲ್ಲ. ಆದರೆ ಎಷ್ಟು ಗಂಟೆಗೆ ಹೊರಡುವಿರೆಂಬುದನ್ನು ಬಾಗಿಲಲ್ಲಿಯೇ, ಅವರು ಬಾಯಿ ತೆರೆಯುವುದಕ್ಕೆ ಮುಂಚೆ, ಶ್ರೀಮತಿಯವರ ಸಮಕ್ಷಮದಲ್ಲಿ ಹೇಳಿಟ್ಟು ಒಳಗೆ ಹೋಗಿರಿ.